‘ನಂಗೆ ಇಂಗ್ಲಿಷ್ ಬರಲ್ಲ’: ಒಳಗಿನ ಮಾತು ಬದಲಿಸಿ ನಂಬಿಕೆ ತಿದ್ದಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರ. ಬೋರ್ಡ್ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ‘ದ್ಯುತಿಸಂಶ್ಲೇಷಣೆ’ಯನ್ನು ಚಿತ್ರ ಬರೆದು ವಿವರಿಸುತ್ತಿದ್ದ ಹುಡುಗಿಗೆ ‘ಫೋಟೋಸಿಂಥೆಸಿಸ್’ ಅಂದರೂ ಅದೇ ಎಂದು ಹೊಳೆಯುವಷ್ಟರಲ್ಲಿ ಪಾಠ ಎರಡು ಪುಟ ಮುಂದೆ ಹೋಗಿರುತ್ತದೆ. ‘ನಂಗೆ ಇಂಗ್ಲಿಷ್ ಬರಲ್ಲ’ ಎಂಬ ಮಾತು ಹುಟ್ಟುವುದು ಆ ವಾರ. ಆಗ ಅದು ನಿಜವೇ.

ಹತ್ತು ವರ್ಷ ಕಳೆಯುತ್ತದೆ. ಡಿಗ್ರಿ ಮುಗಿದು ಕೆಲಸವೂ ಸಿಕ್ಕಿರುತ್ತದೆ. ಅದೇ ಹುಡುಗಿ ಈಗ ದಿನವಿಡೀ ಇಂಗ್ಲಿಷ್ ಮೇಲ್ ಓದಿ ಉತ್ತರ ಬರೆಯುತ್ತಾಳೆ. ಆದರೂ ಒಳಗಿನ ಮಾತು ಮಾತ್ರ ಹದಿನಾರನೇ ವಯಸ್ಸಿನಲ್ಲೇ ನಿಂತಿದೆ. ಮೀಟಿಂಗ್‌ನಲ್ಲಿ ಬಾಯಿ ಮುಚ್ಚಿಸುವುದು, ಇಂಟರ್‌ವ್ಯೂಗೆ ಅರ್ಜಿಯನ್ನೇ ಹಾಕದಂತೆ ಮಾಡುವುದು ಆ ಹಳೇ ಮಾತು. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎನ್ನುತ್ತಾರಲ್ಲ, ಎರಡನೇ ಅರ್ಧ ಇದು.

ಈ ಮಾರ್ಗದರ್ಶಿ ಆ ಒಂದು ವಾಕ್ಯವನ್ನೇ ಹಿಡಿದು ನಡೆಯುತ್ತದೆ. ನಿಮ್ಮದು ‘ಲೆಕ್ಕ ನನ್ನ ತಲೆಗೆ ಹತ್ತಲ್ಲ’ ಇರಬಹುದು, ‘ದುಡ್ಡು ನನ್ನ ಕೈಲಿ ನಿಲ್ಲಲ್ಲ’ ಇರಬಹುದು, ಹಂತಗಳು ಅವೇ. ಬೇಕಾದದ್ದು ಒಂದು ಚಿಕ್ಕ ನೋಟ್‌ಬುಕ್, ಪೆನ್ನು, ದಿನಕ್ಕೆ ಹತ್ತು ನಿಮಿಷ, ಕನಿಷ್ಠ ಎಂಟು ವಾರ.

ಬರೀ ಜಪ ಯಾಕೆ ಸಾಲದು

ಒಳ್ಳೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುವ ಪದ್ಧತಿಗೆ ಯುರೋಪಿನಲ್ಲಿ ಹೆಸರು ತಂದವನು ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುಯೆ (1857–1926). ‘ದಿನದಿನವೂ ನಾನು ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ’ ಎಂಬರ್ಥದ ಸಾಲನ್ನು ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ 20 ಸಲ ಹೇಳಿಸುತ್ತಿದ್ದ. ಎಣಿಕೆ ತಪ್ಪದಿರಲೆಂದು 20 ಗಂಟು ಹಾಕಿದ ದಾರ ಹಿಡಿಯಬೇಕಿತ್ತು. ಜಪಮಾಲೆ ಕಂಡ ನಮಗೆ ಇದೇನೂ ಹೊಸದಲ್ಲ.

ಆದರೆ 2009ರಲ್ಲಿ ಕೆನಡಾದ ಮನಃಶಾಸ್ತ್ರಜ್ಞೆ ಜೊವಾನ್ ವುಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಈ ದಾರಿ ಹಿಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ನಾಲ್ಕು ನಿಮಿಷ, 15 ಸೆಕೆಂಡಿಗೊಮ್ಮೆ ಗಂಟೆ ಹೊಡೆದಾಗಲೆಲ್ಲ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬಂಥ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕಿತ್ತು. ತಮ್ಮ ಬಗ್ಗೆ ಮೊದಲೇ ಒಳ್ಳೇ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತವೆನಿಸಿತು. ಯಾರಿಗೆ ಆ ಮಾತು ನಿಜವಾಗಿ ಬೇಕಿತ್ತೋ, ತಮ್ಮನ್ನು ತಾವೇ ಕಡಿಮೆ ಎಂದುಕೊಂಡಿದ್ದ ಆ ಜನಕ್ಕೆ, ಹೇಳಿಕೊಳ್ಳದೆ ಸುಮ್ಮನಿದ್ದವರಿಗಿಂತಲೂ ಕೆಟ್ಟದೆನಿಸಿತು. ನಂಬಲಾಗದ ಮಾತನ್ನು ಹೇಳಿಕೊಂಡಾಗ ಮನಸ್ಸು ವಕೀಲರ ಹಾಗೆ ಎದ್ದು ನಿಂತು ಉಲ್ಟಾ ಸಾಕ್ಷಿಗಳನ್ನೆಲ್ಲ ಮುಂದಿಡುತ್ತದೆ. ‘ನಾನು ನಿರರ್ಗಳವಾಗಿ ಇಂಗ್ಲಿಷ್ ಮಾತಾಡ್ತೀನಿ’ ಎಂದರೆ ಸಾಕು, ಕಳೆದ ತಿಂಗಳು ತಡವರಿಸಿದ ಗಳಿಗೆ ಕಣ್ಣೆದುರು ಬರುತ್ತದೆ.

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ‘ನನ್ನಿಂದ ಇದಾಗುತ್ತದೆ’ ಎಂಬ ನಂಬಿಕೆಯ ನಾಲ್ಕು ಮೂಲಗಳನ್ನು ವಿವರಿಸಿದರು: ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರೇ ಮಾಡಿದ್ದನ್ನು ನೋಡಿದ್ದು, ಮಾತಿನ ಉತ್ತೇಜನ, ಆ ಹೊತ್ತಿನ ಮೈ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಬಲ ಹೆಚ್ಚು. ಬರೀ ಮಾತಿನಿಂದ ಬಂದ ನಂಬಿಕೆ ಒಂದು ಸೋಲಿಗೆ ಕರಗಬಹುದು. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಮಾತು ಒಂಟಿಯಾಗಿ ನಿಲ್ಲುವುದಿಲ್ಲ. ಪ್ರತಿ ಮಾತಿಗೂ ಅದೇ ದಿನ ಒಂದು ಚಿಕ್ಕ ಕೆಲಸದ ಜೋಡಿ ಇರುತ್ತದೆ.

ಹಂತ 1: ಹಳೇ ಮಾತನ್ನು ಇದ್ದ ಹಾಗೇ ಹಿಡಿಯಿರಿ (7 ದಿನ)

ಮೊದಲ ವಾರ ಏನನ್ನೂ ಬದಲಿಸಲು ಹೋಗಬೇಡಿ, ಬರೆದುಕೊಳ್ಳಿ ಅಷ್ಟೇ. ಹೊತ್ತು, ಏನಾಯಿತು, ಒಳಗೆ ಬಂದ ಮಾತು, ಆಮೇಲೆ ಏನು ಮಾಡಿದಿರಿ. ಒಂದು ನಮೂನೆ:

‘ಮಂಗಳವಾರ, 11.20. ಮೀಟಿಂಗ್‌ನಲ್ಲಿ ‘ಎನಿ ಅಪ್‌ಡೇಟ್ಸ್?’ ಅಂತ ಕೇಳಿದ್ರು. ಒಳಗೆ ಬಂದಿದ್ದು: ಬೇಡಪ್ಪಾ, ಬಾಯಿಬಿಟ್ರೆ ಮರ್ಯಾದೆ ಹೋಗುತ್ತೆ. ಮಾಡಿದ್ದು: ‘ನೋ ಅಪ್‌ಡೇಟ್’ ಅಂತ ಚಾಟ್‌ನಲ್ಲಿ ಟೈಪ್ ಮಾಡಿದೆ. ಹೇಳೋದಕ್ಕೆ ಎರಡು ವಿಷಯ ಇತ್ತು.’

ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ‘ನನ್ನಲ್ಲಿ ಆತ್ಮವಿಶ್ವಾಸದ ಕೊರತೆಯಿದೆ’ ಎಂದು ಯಾರ ಮನಸ್ಸೂ ಹೇಳುವುದಿಲ್ಲ. ಅದು ಹೇಳುವುದು ‘ಥೂ, ನಿನ್ ಕೈಲಾಗಲ್ಲ ಬಿಡು’ ಎಂದು. ಯಾರ ದನಿಯಲ್ಲಿ ಹೇಳುತ್ತದೆ ಎಂಬುದೂ ನೆನಪಾದರೆ ಪಕ್ಕದಲ್ಲಿ ಗುರುತು ಹಾಕಿ: ಮೇಷ್ಟ್ರು, ದೊಡ್ಡಪ್ಪ, ತರಗತಿಯಲ್ಲಿ ನಕ್ಕವರು. ಎಂಟ್ಹತ್ತು ಸಲ ಬರೆಯುವಷ್ಟರಲ್ಲಿ ಬೇರೆ ಬೇರೆಯಾಗಿ ಕಂಡ ಮಾತುಗಳೆಲ್ಲ ಒಂದೆರಡು ವಾಕ್ಯಕ್ಕೇ ಬಂದು ನಿಲ್ಲುತ್ತವೆ.

ಹಂತ 2: ಮಾತನ್ನು ಬಿಡಿಸಿ ನೋಡಿ (20 ನಿಮಿಷ, ಒಮ್ಮೆ)

‘ಇಂಗ್ಲಿಷ್ ಬರಲ್ಲ’ ಎಂಬುದು ಒಂದೇ ಸಂಗತಿಯ ಹಾಗೆ ಕೇಳಿಸುತ್ತದೆ. ಒಂದು ಹಾಳೆಯಲ್ಲಿ ಅದನ್ನು ಬಿಡಿಬಿಡಿಯಾಗಿ ಬರೆಯಿರಿ. ಓದಿದರೆ ಅರ್ಥವಾಗುತ್ತದೆಯೇ? ಕೇಳಿದರೆ? ಬರೆಯಲು ಬರುತ್ತದೆಯೇ? ಒಬ್ಬರೊಡನೆ ಮಾತು? ನಾಲ್ಕು ಜನರ ಮುಂದೆ? ಫೋನಿನಲ್ಲಿ? ಪ್ರತಿಯೊಂದರ ಎದುರೂ ‘ಬರುತ್ತೆ’, ‘ತಕ್ಕಮಟ್ಟಿಗೆ’, ‘ಇನ್ನೂ ಇಲ್ಲ’ ಎಂದು ಗುರುತು ಹಾಕಿ.

ಕೆಲಸಕ್ಕೆ ಹೋಗುವ ಹೆಚ್ಚಿನವರ ಹಾಳೆಯಲ್ಲಿ ‘ಇನ್ನೂ ಇಲ್ಲ’ ಒಂದೆರಡು ಕಡೆ ಮಾತ್ರ ಇರುತ್ತದೆ, ಅದೂ ಜನರೆದುರು ಬಾಯಿಬಿಡುವ ಜಾಗದಲ್ಲಿ. ಇಲ್ಲಿ ಇನ್ನೊಂದನ್ನೂ ಬೇರೆ ಮಾಡಿ: ಪದ ಗೊತ್ತಿಲ್ಲದ್ದು ಕಲಿಕೆಯ ಕೊರತೆ, ಪದ ಗೊತ್ತಿದ್ದೂ ಗಂಟಲು ಕಟ್ಟುವುದು ಹೆದರಿಕೆ. ಕಲಿಕೆಯ ಕೊರತೆಗೆ ಎಷ್ಟು ಒಳ್ಳೇ ಮಾತು ಹೇಳಿಕೊಂಡರೂ ಪದ ಹುಟ್ಟುವುದಿಲ್ಲ, ಕೂತು ಕಲಿಯಲೇಬೇಕು. ಮಾತಿನ ಕೆಲಸ ಇರುವುದು ಹೆದರಿಕೆಯ ಭಾಗದಲ್ಲಿ.

ಹಂತ 3: ಹೊಸ ಮಾತು ಕಟ್ಟುವುದು

ಇಡೀ ಕ್ರಮದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಇಂಗ್ಲಿಷ್ ಸಾಲುಗಳನ್ನು ಅನುವಾದಿಸಿ ಗೋಡೆಗೆ ಅಂಟಿಸಿದರೆ ಯಾಕೆ ನಾಟುವುದಿಲ್ಲ ಎಂಬುದಕ್ಕೆ ಕನ್ನಡದ ಜಾಯಮಾನದಲ್ಲೇ ಕಾರಣಗಳಿವೆ.

ಮೊದಲನೆಯದು ‘ನನಗೆ’. ಕನ್ನಡದಲ್ಲಿ ವಿದ್ಯೆ ‘ಬರುತ್ತದೆ’. ಮಳೆ ಬರುತ್ತದೆ, ಬಸ್ಸು ಬರುತ್ತದೆ, ಜ್ವರ ಬರುತ್ತದೆ, ಹಾಗೆಯೇ ಇಂಗ್ಲಿಷೂ ಬರುತ್ತದೆ ಅಥವಾ ಬರುವುದಿಲ್ಲ. ವಾಕ್ಯದ ಕರ್ತೃ ಇಂಗ್ಲಿಷ್, ನಾವು ಸ್ಟಾಪಿನಲ್ಲಿ ಕಾಯುವವರು. ಇದರಲ್ಲಿ ವ್ಯಾಕರಣದ ತಪ್ಪೇನಿಲ್ಲ, ದಿನನಿತ್ಯದ ಮಾತಿಗೆ ಸೊಗಸಾಗಿಯೇ ಇದೆ. ಆದರೆ ತನ್ನನ್ನು ತಾನು ತಿದ್ದಿಕೊಳ್ಳಲು ಹೊರಟಾಗ ‘ನನಗೆ’ಯಿಂದ ಶುರುವಾದ ವಾಕ್ಯದಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ‘ನಾನು’ ಎಂದು ಶುರುಮಾಡಿ. ‘ನಂಗೆ ಬರಲ್ಲ’ ಇದ್ದದ್ದು ‘ನಾನು ಇನ್ನೂ ಜನರ ಮುಂದೆ ಮಾತಾಡಿ ರೂಢಿ ಮಾಡ್ಕೊಂಡಿಲ್ಲ’ ಎಂದಾದ ಕ್ಷಣ ಅಲ್ಲಿ ಒಂದು ಕೆಲಸ ಕಾಣಿಸುತ್ತದೆ.

ಎರಡನೆಯದು ಕಾಲ. ಇಂಥ ಸಾಲುಗಳು ವರ್ತಮಾನ ಕಾಲದಲ್ಲಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಆಡುಮಾತಿನ ‘ಮಾತಾಡ್ತೀನಿ’ ಇವತ್ತಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ‘ದಿನಾ ವಾಕಿಂಗ್ ಹೋಗ್ತೀನಿ’, ‘ನಾಳೆಯಿಂದ ವಾಕಿಂಗ್ ಹೋಗ್ತೀನಿ’, ಎರಡಕ್ಕೂ ಕ್ರಿಯಾಪದ ಒಂದೇ. ಮನಸ್ಸು ಸಲೀಸಾಗಿ ಅದನ್ನು ನಾಳೆಯ ಖಾತೆಗೆ ಹಾಕಿಬಿಡುತ್ತದೆ. ಬದಲಿಗೆ ‘ಮಾತಾಡೋಳು’, ‘ಮಾತಾಡೋನು’ ಎಂಬ ರೂಪ ಬಳಸಿ. ‘ನಾನು ಗೊತ್ತಿಲ್ಲದ್ದನ್ನ ಕೇಳೋಳು’, ‘ನಾನು ಹೇಳಿದ ಟೈಮಿಗೆ ಬರೋನು’. ಕೆಲಸವೂ ಗುರುತೂ ಒಂದೇ ಪದದಲ್ಲಿ ಸೇರಿಕೊಳ್ಳುವ ಇಂಥ ರೂಪ ಕನ್ನಡದಲ್ಲಿ ಕೈಗೆ ಸಿಗುವಷ್ಟು ಹತ್ತಿರವಿದೆ, ಉಪಯೋಗಿಸಿಕೊಳ್ಳದಿದ್ದರೆ ನಷ್ಟ. ‘ಪ್ರಯತ್ನ ಮಾಡ್ತೀನಿ’ ಬೇಡವೇ ಬೇಡ. ಮದುವೆಗೆ ಕರೆದಾಗ ‘ಪ್ರಯತ್ನ ಮಾಡ್ತೀನಿ’ ಅಂದವರು ಬರುವುದಿಲ್ಲವೆಂದು ನಮಗೆಲ್ಲ ಗೊತ್ತು, ನಮ್ಮ ಮನಸ್ಸಿಗೂ ಗೊತ್ತು.

ಮೂರನೆಯದು ಮನೆಮಾತು. ಮಂಡ್ಯದವರು ಮಂಡ್ಯದ ಹಾಗೆ ಬರೆಯಿರಿ. ಧಾರವಾಡ ಕಡೆಯವರಾದರೆ ‘ನಾ ದಿನಾ ಒಂದರ ಮಾತು ಇಂಗ್ಲಿಷ್‌ನ್ಯಾಗ ಆಡಾಕಿ’ ಎಂದೇ ಇರಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವವರು ಆ ಭಾಷೆಯಲ್ಲೇ ಕಟ್ಟಿ. ಹಳೇ ಮಾತು ಯಾವ ಭಾಷೆಯಲ್ಲಿ ಬೇರುಬಿಟ್ಟಿದೆಯೋ ಹೊಸದೂ ಅದರಲ್ಲೇ ಇರಬೇಕು.

ಇನ್ನು ನಂಬಿಕೆಯ ಅಳತೆ. ಬರೆದ ಮಾತನ್ನು ಗಟ್ಟಿಯಾಗಿ ಒಮ್ಮೆ ಹೇಳಿ, ‘ಇದನ್ನ ಎಷ್ಟು ನಂಬ್ತೀನಿ?’ ಎಂದು 0ಯಿಂದ 10ರವರೆಗೆ ಅಂಕ ಕೊಡಿ. 4ಕ್ಕಿಂತ ಕಡಿಮೆಯಾದರೆ ಒಳಗಿನ ವಕೀಲರು ಎದ್ದು ನಿಲ್ಲುತ್ತಾರೆ. 9 ಬಂದರೆ ಆ ಮಾತಿನಿಂದ ಹೊಸದೇನೂ ಆಗದು. 6 ಅಥವಾ 7 ಸರಿಯಾದ ಜಾಗ. ನಮ್ಮ ಉದಾಹರಣೆಯಲ್ಲಿ:

‘ನಾನು ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಮಾತಾಡೋಳು’ — 1. ಬೇಡ.
‘ನಾನು ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋಳು’ — 9. ನಿಜ, ಆದರೆ ಹಳೇ ಸುದ್ದಿ.
‘ನಾನು ತಪ್ಪಾದ್ರೂ ಪರವಾಗಿಲ್ಲ ಅಂತ ಮಾತಾಡೋಳು’ — 3. ಇನ್ನೂ ಭಾರ.
‘ನಾನು ದಿನಾ ಒಂದು ವಾಕ್ಯನಾದ್ರೂ ಬಾಯಿಬಿಟ್ಟು ಇಂಗ್ಲಿಷ್‌ನಲ್ಲಿ ಹೇಳೋಳು’ — 6. ಇದನ್ನು ಹಿಡಿಯಿರಿ.

ಕೊನೆಯ ಒಂದು ಪರೀಕ್ಷೆ: ನಿಮ್ಮ ಮಾತು ನಿಜವಾಗಲು ಬೇರೆಯವರ ಒಪ್ಪಿಗೆ ಬೇಕೇ? ‘ಎಲ್ಲರೂ ನನ್ನ ಮಾತು ಮೆಚ್ತಾರೆ’ ಎಂಬುದು ಮ್ಯಾನೇಜರ್ ಮುಖ ಗಂಟಿಕ್ಕಿದ ದಿನ ಮುರಿಯುತ್ತದೆ. ನಿಮ್ಮ ಕೈಯಲ್ಲಿರುವ ಕೆಲಸದ ಮೇಲೆ ಮಾತ್ರ ವಾಕ್ಯ ನಿಲ್ಲಲಿ. ಮತ್ತೆ, ಒಂದು ಕಾಲಕ್ಕೆ ಒಂದೇ ವಾಕ್ಯ.

ಹಂತ 4: ಮಾತಿಗೆ ಸಾಕ್ಷಿ ಕೆಲಸ

ಕೆಲಸ ಎಷ್ಟು ಚಿಕ್ಕದಿರಬೇಕೆಂದರೆ ಜ್ವರ ಬಂದ ದಿನವೂ ಆಗಬೇಕು. ಎರಡು ನಿಮಿಷ ಮೀರಬಾರದು. ಈ ಹಂತದ ಒಂದನೇ ವಾರ: ಬಾಗಿಲು ಹಾಕಿಕೊಂಡು ಇಂಗ್ಲಿಷ್ ಪತ್ರಿಕೆಯ ಐದು ಸಾಲು ಗಟ್ಟಿಯಾಗಿ ಓದುವುದು. ಎರಡನೇ ವಾರ: ಬೆಳಗ್ಗೆ ಏನು ತಿಂಡಿ ಮಾಡಿದಿರಿ ಎಂದು ಫೋನಿನ ರೆಕಾರ್ಡರ್‌ಗೆ 30 ಸೆಕೆಂಡ್ ಹೇಳುವುದು. ಅದನ್ನು ಅವತ್ತೇ ಕೇಳಬೇಡಿ, ವಾರ ಬಿಟ್ಟು ಕೇಳಿ. ಅದೇ ದಿನ ಕೇಳಿದರೆ ತಪ್ಪು ಮಾತ್ರ ಕಿವಿಗೆ ಬೀಳುತ್ತದೆ. ಮೂರನೇ ವಾರ: ನಂಬಿಕೆಯ ಸಹೋದ್ಯೋಗಿ ಒಬ್ಬರೊಡನೆ ಒಂದು ಪ್ರಶ್ನೆ. ನಾಲ್ಕನೇ ವಾರ: ಮೀಟಿಂಗ್‌ನಲ್ಲಿ ಮೊದಲೇ ಬರೆದಿಟ್ಟ ಒಂದೇ ಒಂದು ವಾಕ್ಯ. ‘ಕುಡ್ ಯು ರಿಪೀಟ್ ದಟ್, ಪ್ಲೀಸ್’ ಆದರೂ ಲೆಕ್ಕಕ್ಕೆ ಬರುತ್ತದೆ.

ಕೆಲಸವನ್ನು ಗಂಟೆಗೆ ಕಟ್ಟಬೇಡಿ, ದಿನಾ ತಪ್ಪದೆ ಆಗುವ ಯಾವುದಾದರೂ ಸಂಗತಿಗೆ ಕಟ್ಟಿ: ‘ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಐದು ಸಾಲು ಓದ್ತೀನಿ.’ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಈ ನಮೂನೆಯನ್ನು ಜರ್ಮನಿಯ ಪೀಟರ್ ಗಾಲ್ವಿಟ್ಜರ್ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಬರೀ ‘ಮಾಡಬೇಕು’ ಎಂದುಕೊಂಡಿದ್ದಕ್ಕಿಂತ ಹೀಗೆ ಕಟ್ಟಿದ ಕೆಲಸಗಳು ನಡೆಯುವುದು ಹೆಚ್ಚು ಎಂದು 1999ರ ಹೊತ್ತಿಗೇ ಸ್ಪಷ್ಟವಾಗಿತ್ತು.

ಹಂತ 5: ಯಾವಾಗ ಹೇಳಬೇಕು, ಎಷ್ಟು ಸಲ

ನೂರೆಂಟು ಸಲ ಬೇಕಿಲ್ಲ. ದಿನಕ್ಕೆ ಮೂರು ಹೊತ್ತು: ಸಾಕ್ಷಿ ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ, ರಾತ್ರಿ ನೋಟ್‌ಬುಕ್‌ನಲ್ಲಿ ಬರೆಯುವಾಗ ಒಮ್ಮೆ. ಮುಗಿದ ಕೂಡಲೇ ಹೇಳುವುದಕ್ಕೆ ಬೆಲೆ ಹೆಚ್ಚು, ಯಾಕೆಂದರೆ ಆ ಕ್ಷಣ ಅಲ್ಲಗಳೆಯಲು ವಕೀಲರ ಬಳಿ ಏನೂ ಇರುವುದಿಲ್ಲ. ಕನ್ನಡಿ ಮುಂದೆ ನಿಲ್ಲುವುದು ಇಷ್ಟವಿದ್ದರೆ ಸರಿ, ಮುಜುಗರವಾದರೆ ಬಿಡಿ.

ಹೆದರಿಕೆಯ ಗಳಿಗೆಗೆ ಮಾತ್ರ ಬೇರೆ ವಿಧಾನವಿದೆ. ಮೀಟಿಂಗ್‌ನಲ್ಲಿ ನಿಮ್ಮ ಸರದಿಗೆ ಇನ್ನೊಬ್ಬರು ಬಾಕಿ. ಎದೆ ಹೊಡೆದುಕೊಳ್ಳುವುದು ಕಿವಿಗೇ ಕೇಳಿಸುತ್ತಿದೆ. ಮೌಸ್ ಹಿಡಿದ ಬೆರಳು ಮ್ಯೂಟ್ ಗುರುತಿನ ಮೇಲೆ ಬೆವರುತ್ತಿದೆ. ಆಗ ‘ನಾನು’ ಬಿಟ್ಟು ಹೆಸರು ಹಿಡಿದು ಕರೆಯಿರಿ, ಚಿಕ್ಕ ತಂಗಿಗೆ ಹೇಳುವ ಹಾಗೆ: ‘ಸವಿತಾ, ಮೊದಲನೇ ವಾಕ್ಯ ಮಾತ್ರ ನೋಡ್ಕೊ. ನಿಧಾನಕ್ಕೆ ಹೇಳು.’ ಉಸಿರು ಪೂರ್ತಿ ಬಿಡಿ, ಮ್ಯೂಟ್ ತೆಗೆಯಿರಿ, ಬರೆದಿಟ್ಟ ವಾಕ್ಯ ಓದಿ. ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರೆದುರು ಭಾಷಣ ಮಾಡುವ ಮುಂಚೆ ಹೀಗೆ ತಮ್ಮನ್ನು ಹೆಸರಿನಿಂದ ಕರೆದುಕೊಂಡವರು ‘ನಾನು’ ಎಂದುಕೊಂಡವರಿಗಿಂತ ಕಡಿಮೆ ಕಂಗಾಲಾದರು. ‘ಹೆದರಬೇಡ’ ಎಂದು ಮಾತ್ರ ಹೇಳಿಕೊಳ್ಳಬೇಡಿ. ಆ ಮಾತಿನಲ್ಲಿ ಹೆದರಿಕೆ ಬಿಟ್ಟರೆ ಮಾಡುವುದಕ್ಕೆ ಏನೂ ಇಲ್ಲ. ‘ನಿಧಾನಕ್ಕೆ ಹೇಳು’ ಎಂಬುದರಲ್ಲಿ ಒಂದು ಕೆಲಸ ಇದೆ.

ಹಂತ 6: ರಾತ್ರಿಯ ಒಂದು ಸಾಲು, ವಾರಕ್ಕೊಂದು ಅಂಕ

ಮಲಗುವ ಮುಂಚೆ ತಾರೀಖು ಹಾಕಿ, ಮುಗಿದ ಕೆಲಸದ ಒಂದೇ ಸಾಲು: ‘ಇವತ್ತು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಎರಡು ವಾಕ್ಯ ಹೇಳಿದೆ. ‘ಹಿ ಡಸಂಟ್’ ಅನ್ನೋ ಬದಲು ‘ಹಿ ಡೋಂಟ್’ ಅಂದೆ. ಯಾರೂ ನಗಲಿಲ್ಲ.’ ಹೊಗಳಿಕೆ ಬೇಡ, ವಿಮರ್ಶೆಯೂ ಬೇಡ. ತಪ್ಪನ್ನು ಮುಚ್ಚಿಡದೆ ಬರೆದ ಸಾಲೇ ಮುಂದೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಭಾನುವಾರ ವಾರದ ಸಾಲುಗಳನ್ನೆಲ್ಲ ಒಮ್ಮೆ ಓದಿ, ಆಮೇಲೆ ನಿಮ್ಮ ವಾಕ್ಯಕ್ಕೆ ಮತ್ತೆ ಅಂಕ ಕೊಡಿ. ಓದದೆ ಅಂಕ ಕೊಟ್ಟರೆ ಹಳೇ ಅಂಕವೇ ಬರುತ್ತದೆ. ಎರಡು ವಾರ ಬಿಡದೆ 8 ಬಂದರೆ ವಾಕ್ಯವನ್ನು ಒಂದು ಮೆಟ್ಟಿಲು ಏರಿಸಿ: ‘ಒಂದು ವಾಕ್ಯನಾದ್ರೂ ಹೇಳೋಳು’ ಇದ್ದದ್ದು ‘ನನಗನ್ನಿಸಿದ್ದನ್ನ ಮೀಟಿಂಗ್‌ನಲ್ಲೇ ಹೇಳೋಳು’ ಆಗಲಿ. ಅಂಕ ಇಳಿದರೆ ವಾಕ್ಯ ಬದಲಿಸುವ ಮುಂಚೆ ಕೆಲಸ ಚಿಕ್ಕದು ಮಾಡಿ ನೋಡಿ.

‘21 ದಿನದಲ್ಲಿ ಅಭ್ಯಾಸ ಕೂರುತ್ತದೆ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಲಂಡನ್ನಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಒಂದು ಸಣ್ಣ ಕೆಲಸ ತಾನಾಗಿ ನಡೆಯುವಂತಾಗಲು ಹಿಡಿದ ಅವಧಿಯ ಮಧ್ಯಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು. ಕೆಲವರಿಗೆ 18, ಕೆಲವರಿಗೆ 254 ದಿನದ ಲೆಕ್ಕ ಬಂತು. ಅದೇ ಅಧ್ಯಯನ ಹೇಳಿದ ಇನ್ನೊಂದು ಸಮಾಧಾನದ ಸಂಗತಿ: ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ.

ಎಲ್ಲಿ ಕೆಡುತ್ತದೆ

ಹೇಳಿಕೊಂಡ ಮೇಲೆ ಮನಸ್ಸು ಭಾರವಾದರೆ ವಾಕ್ಯ ದೊಡ್ಡದಾಯಿತು ಎಂದರ್ಥ, ನಿಮ್ಮಲ್ಲಿ ಶ್ರದ್ಧೆ ಸಾಲದು ಎಂದಲ್ಲ. ಎರಡು ಮೆಟ್ಟಿಲು ಇಳಿಸಿ. ಅದೂ ಆಗದ ದಿನ ವಾಕ್ಯವನ್ನೇ ಬದಿಗಿಟ್ಟು, ನಿಮಗೆ ಬದುಕಿನಲ್ಲಿ ಮುಖ್ಯವೆನಿಸುವ ಒಂದನ್ನು ಆರಿಸಿ — ಮಕ್ಕಳು, ಹೊಲ, ಸಂಗೀತ, ಕೊಟ್ಟ ಮಾತು ಉಳಿಸಿಕೊಳ್ಳುವುದು — ಅದು ಯಾಕೆ ಮುಖ್ಯ, ಅದಕ್ಕೆ ತಕ್ಕ ಹಾಗೆ ನಡೆದ ಒಂದು ಸಂದರ್ಭ ಯಾವುದು ಎಂದು ಹತ್ತು ನಿಮಿಷ ಬರೆಯಿರಿ. ಇದು ಮನಃಶಾಸ್ತ್ರಜ್ಞ ಕ್ಲಾಡ್ ಸ್ಟೀಲ್ 1988ರಲ್ಲಿ ಮುಂದಿಟ್ಟ ಸಿದ್ಧಾಂತದಿಂದ ಬೆಳೆದ ವಿಧಾನ. ಇಂಗ್ಲಿಷ್ ಎಂಬ ಒಂದು ಕಂಬ ಅಲುಗಿದರೂ ಮನೆಗೆ ಬೇರೆ ಕಂಬಗಳಿವೆ ಎಂದು ಮನಸ್ಸಿಗೆ ಕಾಣುತ್ತದೆ.

ಕಣ್ಣು ಮುಚ್ಚಿ ಗೆದ್ದ ಚಿತ್ರವನ್ನೇ ನೋಡುತ್ತ ಕೂರುವುದು ಇನ್ನೊಂದು ಬಲೆ. ವೇದಿಕೆ, ಚಪ್ಪಾಳೆ, ಎಲ್ಲ ಕಂಡು ತೃಪ್ತಿಯಾದ ಮೇಲೆ ಮೈ ಏಳುವುದಿಲ್ಲ. ಸೊಗಸಾದ ಭವಿಷ್ಯದ ಕನಸು ಚೈತನ್ಯವನ್ನು ತಗ್ಗಿಸುತ್ತದೆ ಎಂದು ಗೇಬ್ರಿಯೆಲ್ ಓಟಿಂಗನ್ ಅವರ 2011ರ ಪ್ರಯೋಗಗಳು ತೋರಿಸಿವೆ. ಕಲ್ಪಿಸಿಕೊಳ್ಳುವುದಾದರೆ ಗಂಟಲು ಕಟ್ಟುವ ಗಳಿಗೆಯನ್ನೂ, ಆಗ ಏನು ಮಾಡುತ್ತೀರಿ ಎಂಬುದನ್ನೂ ಸೇರಿಸಿ.

ಮನೆಯವರಿಗೆ ನೋಟ್‌ಬುಕ್ ತೋರಿಸುವ ಅಗತ್ಯವಿಲ್ಲ. ‘ಏನೇ, ಇಂಗ್ಲಿಷ್ ಮೇಡಂ!’ ಎಂಬ ಒಂದು ತಮಾಷೆ ಎಳೇ ವಾಕ್ಯಕ್ಕೆ ಸಾಕು, ಬಾಡಿಹೋಗುತ್ತದೆ. ನಿಮ್ಮ ಹಾಗೇ ಕನ್ನಡ ಮಾಧ್ಯಮದಿಂದ ಬಂದು ಎರಡು ಹೆಜ್ಜೆ ಮುಂದಿರುವ ಒಬ್ಬರಿಗೆ ಹೇಳಿ. ಬಂಡೂರಾ ಹೇಳಿದ ಎರಡನೇ ಮೂಲ ಅದೇ.

ಇದು ಎಲ್ಲದಕ್ಕೂ ಮದ್ದಲ್ಲ

ಮಾತಾಡಿದಾಗಲೆಲ್ಲ ಉಚ್ಚಾರಣೆ ಅಣಕಿಸುವ ತಂಡದಲ್ಲಿ ನೀವಿದ್ದರೆ ತೊಂದರೆ ನಿಮ್ಮ ನಂಬಿಕೆಯದಲ್ಲ. ಅಲ್ಲಿ ಬದಲಾಗಬೇಕಾದದ್ದು ತಂಡ, ಇಲ್ಲವೇ ನೀವು ಕೂರುವ ಜಾಗ. ಮೇಲಿನವರೊಡನೆ ಮಾತಾಡಿ, ಬರಹದಲ್ಲಿ ದೂರು ಕೊಡಿ. ‘ನಾನು ಇನ್ನೂ ಗಟ್ಟಿಯಾಗಬೇಕು’ ಎಂದು ಜಪಿಸುತ್ತ ಅವಮಾನ ನುಂಗಬೇಡಿ.

ಒಳಗಿನ ಮಾತು ‘ಬರಲ್ಲ’ದಿಂದ ‘ನಾನು ಇದ್ದೂ ಪ್ರಯೋಜನವಿಲ್ಲ’ ಎಂಬಲ್ಲಿಗೆ ಬಂದಿದ್ದರೆ, ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸದ ಮನಸ್ಸು ಕೆಟ್ಟಿದ್ದರೆ, ಸಾಯುವ ಯೋಚನೆ ಸುಳಿದಿದ್ದರೆ ನೋಟ್‌ಬುಕ್ ಮುಚ್ಚಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಈ ಉಚಿತ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಚಿಕಿತ್ಸೆಯ ಜೊತೆಗೆ ಈ ಅಭ್ಯಾಸ ನಡೆಸಬಹುದೇ ಎಂದು ಅಲ್ಲಿಯ ತಜ್ಞರನ್ನೇ ಕೇಳಿ.

ವಾಕ್ಯವನ್ನು ಬಿಡುವುದು ಯಾವಾಗ

ಒಂದು ದಿನ ರಾತ್ರಿ ಪುಸ್ತಕ ತೆರೆದಾಗ ‘ನಾನು ಮೀಟಿಂಗ್‌ನಲ್ಲಿ ಹೇಳೋಳು’ ಎಂಬ ಸಾಲು ‘ನಾನು ದಿನಾ ಹಲ್ಲುಜ್ಜೋಳು’ ಎಂದಷ್ಟೇ ಸಪ್ಪೆಯಾಗಿ ಕಾಣುತ್ತದೆ. ಅವತ್ತಿಗೆ ಅದರ ಕೆಲಸ ಮುಗಿಯಿತು, ಹೇಳುವುದು ನಿಲ್ಲಿಸಿ. ನೋಟ್‌ಬುಕ್ ಎಸೆಯಬೇಡಿ. ಹೊಸ ಕೆಲಸ, ಹೊಸ ಊರು, ಹೊಸ ಮ್ಯಾನೇಜರ್ ಬಂದಾಗ ಹಳೇ ಮಾತು ಒಮ್ಮೆ ತಲೆಯೆತ್ತುವುದುಂಟು. ಆಗ ಹೊಸ ವಾಕ್ಯ ಹುಡುಕುತ್ತ ಕೂರದೆ, ತಾರೀಖು ಹಾಕಿದ ಆ ಸಾಲುಗಳನ್ನು ಮೊದಲ ಪುಟದಿಂದ ಓದಿ, ಮಾರನೇ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಐದು ಸಾಲು ಗಟ್ಟಿಯಾಗಿ ಓದುವುದರಿಂದ ಶುರುಮಾಡಿ.